ರೆಡಿಮೇಡ್ ಸೈಕಲ್ಲೋ, ಹೊಲಿಸಿದ ಸೈಕಲ್ಲೋ? ಮೊದಲ ಟೂರ್‌ಗೆ ಮುಂಚಿನ ಲೆಕ್ಕಾಚಾರ

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ಈ ಲೇಖನದಲ್ಲಿ ಬೈಕ್ ಅಂದ್ರೆ ಪೆಟ್ರೋಲ್ ಕುಡಿಯೋ ಬೈಕ್ ಅಲ್ಲ, ನಾವೇ ತುಳಿಯೋ ಬೈಕ್. ಹಿಮಾಲಯನ್ ತಗೊಳ್ಳೋ ಕನಸಲ್ಲಿ ಓದಲು ಬಂದವರು ದಯವಿಟ್ಟು ಮುಂದಿನ ಲೇಖನಕ್ಕೆ ಹೋಗಬೇಡಿ, ಇಲ್ಲೂ ನಿಮಗೆ ಕೆಲಸಕ್ಕೆ ಬರೋ ಫಿಸಿಕ್ಸ್ ಇದೆ.

ಸೆಮಿಸ್ಟರ್ ರಜೆ ಹತ್ತಿರ ಬರ್ತಿದ್ದ ಹಾಗೆ ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಬನಶಂಕರಿ ಕಡೆಯ ಪಿ.ಜಿ.ಗಳಲ್ಲಿ ಒಂದು ಚರ್ಚೆ ಶುರುವಾಗುತ್ತೆ. ಸೈಕಲ್ ಮೇಲೆ ಬ್ಯಾಗ್ ಕಟ್ಟಿಕೊಂಡು ಮೈಸೂರು, ಮಡಿಕೇರಿ, ಆಗುಂಬೆ ಕಡೆ ಹೋಗಬೇಕು. ಅದಕ್ಕೆ ಅಂಗಡಿಯಲ್ಲಿ ಸಿಗೋ ಸೈಕಲ್ ಸಾಕಾ, ಅಥವಾ ನಮಗೇ ಅಂತ ಕಟ್ಟಿಸಿಕೊಂಡರೆ ಒಳ್ಳೇದಾ? ವಿಡಿಯೋಗಳಲ್ಲಿ ಸ್ಟೀಲ್ ಫ್ರೇಮ್, ಚರ್ಮದ ಸೀಟು, ಬಗ್ಗಿದ ಹ್ಯಾಂಡಲ್ ನೋಡಿದವರಿಗೆ ಎರಡನೆಯದರ ಮೇಲೆಯೇ ಮನಸ್ಸು. ಆದರೆ ದುಡ್ಡು ಇರೋದು ಒಂದೇ ಸಲ ಖರ್ಚು ಮಾಡೋವಷ್ಟು. ಅದೂ ಮನೆಯವರು ಕೊಟ್ಟಿದ್ದು ಅಥವಾ ಇಂಟರ್ನ್‌ಶಿಪ್ ಸ್ಟೈಪೆಂಡ್‌ನಲ್ಲಿ ಉಳಿಸಿದ್ದು. ಆಯ್ಕೆ ತಪ್ಪಿದರೆ ಎರಡು ನಷ್ಟ: ಜೇಬಿಗೊಂದು, ಮಂಡಿಗೊಂದು. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಟೂರಿಂಗ್ ಸೈಕಲ್ ಅಂದ್ರೆ ಯಾವುದು?

ಇದಕ್ಕೆ ಉತ್ತರ ನಮ್ಮ ಬೀದಿಯಲ್ಲೇ ಇದೆ. ಹಾಲಿನ ಕ್ಯಾನ್ ತೂಗುಹಾಕಿಕೊಂಡು ಹೋಗೋ ಹಳೇ ಕಪ್ಪು ಸೈಕಲ್ ನೆನಪು ಮಾಡಿಕೊಳ್ಳಿ. ಎರಡು ಚಕ್ರಗಳ ನಡುವೆ ಜಾಸ್ತಿ ಅಂತರ, ಹಿಂದಕ್ಕೆ ವಾಲಿದ ಫೋರ್ಕ್, ದಪ್ಪ ಕ್ಯಾರಿಯರ್, ಹಿಂದಿನ ಚಕ್ರಕ್ಕೆ 40 ಕಡ್ಡಿ. ನಲವತ್ತು ಲೀಟರ್ ಹಾಲು ಹೊತ್ತರೂ ಅಲುಗಾಡದೆ ನೇರ ಹೋಗುತ್ತೆ. ಟೂರಿಂಗ್ ಸೈಕಲ್‌ನ ಮೂಲ ತತ್ವ ಇಷ್ಟೇ: ಭಾರ ಹೊತ್ತಾಗ ಸ್ಥಿರವಾಗಿರಬೇಕು, ದಿನಗಟ್ಟಲೆ ಕೂತರೂ ಮೈ ನೋಯಬಾರದು, ಕೆಟ್ಟರೆ ದಾರಿಯಲ್ಲೇ ರಿಪೇರಿ ಆಗಬೇಕು. ಹಾಲಿನವರ ಸೈಕಲ್‌ಗೆ ಇಲ್ಲದ್ದು ಗೇರ್ ಮತ್ತು ಒಳ್ಳೇ ಬ್ರೇಕ್. ಅವೆರಡನ್ನೂ ಸೇರಿಸಿ ತೂಕ ಇಳಿಸಿದರೆ ಟೂರಿಂಗ್ ಸೈಕಲ್.

ಇದನ್ನು ಅಂಕಿಗಳಲ್ಲಿ ಹೇಳೋದಾದರೆ ಮೂರು ಅಳತೆ ಮುಖ್ಯ.

ಒಂದು, ಚೈನ್‌ಸ್ಟೇ, ಅಂದ್ರೆ ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ಉದ್ದ. ರೇಸಿಂಗ್ ಸೈಕಲ್‌ನಲ್ಲಿ ಇದು 405ರಿಂದ 415 ಮಿ.ಮೀ., ಟೂರಿಂಗ್ ಸೈಕಲ್‌ನಲ್ಲಿ 440ರಿಂದ 460. ಈ ನಾಲ್ಕೈದು ಸೆಂಟಿಮೀಟರ್ ಯಾಕೆ ಅಂದ್ರೆ, ಪ್ರತಿ ಸಲ ಪೆಡಲ್ ತುಳಿದಾಗ ಹಿಮ್ಮಡಿ ಹೋಗಿ ಬ್ಯಾಗಿಗೆ ಬಡಿಯಬಾರದು.

ಎರಡು, ಟ್ರೇಲ್. ಮುಂದಿನ ಫೋರ್ಕ್ ತಿರುಗೋ ಅಕ್ಷವನ್ನು ನೆಲದವರೆಗೆ ಎಳೆಯಿರಿ. ಅದು ನೆಲ ಮುಟ್ಟೋ ಜಾಗಕ್ಕೂ ಟಯರ್ ನೆಲ ಮುಟ್ಟೋ ಜಾಗಕ್ಕೂ ಇರೋ ದೂರವೇ ಟ್ರೇಲ್. ಚಕ್ರದ ತ್ರಿಜ್ಯವನ್ನು ಹೆಡ್ ಕೋನದ ಕೊಸೈನ್‌ನಿಂದ ಗುಣಿಸಿ, ಫೋರ್ಕ್ ಆಫ್‌ಸೆಟ್ ಕಳೆದು, ಅದೇ ಕೋನದ ಸೈನ್‌ನಿಂದ ಭಾಗಿಸಿದರೆ ಸಿಗುತ್ತೆ. ಕೋನ 73 ಡಿಗ್ರಿ, ತ್ರಿಜ್ಯ 336 ಮಿ.ಮೀ., ಆಫ್‌ಸೆಟ್ 45 ಮಿ.ಮೀ. ಆದರೆ ಟ್ರೇಲ್ ಸುಮಾರು 56 ಮಿ.ಮೀ. ಕೋನ 71, ತ್ರಿಜ್ಯ 346 ಮಾಡಿ ನೋಡಿ, ಸುಮಾರು 71 ಮಿ.ಮೀ. ಬರುತ್ತೆ. ಮೊದಲನೆಯದು ಚುರುಕಾಗಿ ತಿರುಗುತ್ತೆ, ಎರಡನೆಯದು ನೇರ ಹೋಗೋಕೆ ಇಷ್ಟಪಡುತ್ತೆ.

ಮೂರು, ಟಯರ್ ಜಾಗ. 35 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಟಯರ್ ಹಿಡಿಸಬೇಕು. ಕನಕಪುರ ರಸ್ತೆ ಬಿಟ್ಟು ಹಳ್ಳಿ ರಸ್ತೆಗೆ ಇಳಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಈ ಗುಣಗಳಿರೋ ಸಿದ್ಧ ಸೈಕಲ್‌ಗಳು ಜಗತ್ತಿನಲ್ಲಿ ಇದ್ದೇ ಇವೆ. ಟ್ರೆಕ್ 520, ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕರ್, ಡಿಸ್ಕ್ ಟ್ರಕರ್ ಇವೆಲ್ಲ ಈ ವರ್ಗದಲ್ಲಿ ಹೆಸರು ಮಾಡಿದವು. ನಮ್ಮ ಅಂಗಡಿಗಳಲ್ಲಿ ಇಂಥವು ಅಪರೂಪ, ತರಿಸಿದರೆ ಸುಂಕ ಸೇರಿ ಬೆಲೆ ಏರುತ್ತೆ. ಇಲ್ಲಿ ಸುಲಭವಾಗಿ ಸಿಗೋದು ಹೈಬ್ರಿಡ್: ಟ್ರೆಕ್ ಎಫ್‌ಎಕ್ಸ್, ಜೈಂಟ್ ಎಸ್ಕೇಪ್, ಡೆಕಾಥ್ಲಾನ್ ರಿವರ್‌ಸೈಡ್ ತರಹದವು. ಆದ್ದರಿಂದ ನಿಮ್ಮ ನಿಜವಾದ ಪ್ರಶ್ನೆ ‘ಟೂರಿಂಗ್ ಸೈಕಲ್ಲೋ ಕಸ್ಟಮ್ಮೋ’ ಅಂತಲ್ಲ, ‘ಹೈಬ್ರಿಡ್ ಸಾಕಾ, ಇಲ್ಲಾ ಕಟ್ಟಿಸಬೇಕಾ’ ಅಂತ.

ದಾರಿ ಎರಡಲ್ಲ, ಮೂರು

ಕಸ್ಟಮ್ ಅನ್ನೋ ಪದದೊಳಗೆ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಒಂದು, ನಿಮ್ಮ ಮೈ ಅಳತೆ ತೆಗೆದು ಪೈಪ್ ಕತ್ತರಿಸಿ ಬೆಸೆದು ಫ್ರೇಮನ್ನೇ ಹೊಸದಾಗಿ ಮಾಡೋದು. ಇನ್ನೊಂದು, ಸಿದ್ಧ ಫ್ರೇಮ್ ತಗೊಂಡು ಚಕ್ರ, ಗೇರ್, ಹ್ಯಾಂಡಲ್, ಬ್ರೇಕ್ ಎಲ್ಲಾ ನಾವೇ ಆರಿಸಿ ಜೋಡಿಸೋದು. ಮೊದಲನೆಯದು ದರ್ಜಿ ಹತ್ತಿರ ಬಟ್ಟೆ ಹೊಲಿಸಿದ ಹಾಗೆ. ಎರಡನೆಯದು ಪಿ.ಸಿ. ಅಸೆಂಬಲ್ ಮಾಡಿದ ಹಾಗೆ. ಇವೆರಡರ ಪಕ್ಕ ಮೂರನೆಯದು, ಅಂಗಡಿಯಿಂದ ಇದ್ದ ಹಾಗೇ ತರೋದು. ಒಂದೊಂದಾಗಿ ನೋಡೋಣ.

ಅಂಗಡಿ ಸೈಕಲ್: ಘಾಟ್ ಹತ್ತುತ್ತಾ?

ಹೊಸಬರ ಮೊದಲ ಭಯ ಇದೇ. ಸಂಖ್ಯೆ ಹಾಕಿ ನೋಡೋಣ. ನಿಮ್ಮ ತೂಕ 65 ಕೆ.ಜಿ., ಸೈಕಲ್ 14, ಸಾಮಾನು 16. ಒಟ್ಟು 95 ಕೆ.ಜಿ. ರಸ್ತೆಯ ಏರು ಶೇ. 8. ಗುರುತ್ವ ನಿಮ್ಮನ್ನು ಹಿಂದಕ್ಕೆ ಎಳೆಯೋ ಬಲ ಸುಮಾರು 74 ನ್ಯೂಟನ್, ಟಯರ್ ಘರ್ಷಣೆಗೆ ಇನ್ನೊಂದು 7ರಿಂದ 8 ನ್ಯೂಟನ್.

ಈಗ ಗೇರ್. ಒಂದು ಸುತ್ತು ಪೆಡಲ್ ತುಳಿದರೆ ಸೈಕಲ್ ಮುಂದೆ ಹೋಗೋ ದೂರ ಅಂದ್ರೆ ಚಕ್ರದ ಸುತ್ತಳತೆ ಗುಣಿಸು ಮುಂದಿನ ಹಲ್ಲು ಭಾಗಿಸು ಹಿಂದಿನ ಹಲ್ಲು. ನಿಮಿಷಕ್ಕೆ 60 ಸುತ್ತು ತುಳೀತೀರಿ ಅಂತಿಟ್ಟುಕೊಳ್ಳಿ.

ರೋಡ್ ಸೈಕಲ್‌ನ ಅತಿ ಸಣ್ಣ ಗೇರ್ ಮುಂದೆ 34, ಹಿಂದೆ 28. ವೇಗ ಗಂಟೆಗೆ 9.2 ಕಿ.ಮೀ. ಬೇಕಾದ ಶಕ್ತಿ ಸುಮಾರು 210 ವ್ಯಾಟ್.

ಹೈಬ್ರಿಡ್‌ನಲ್ಲಿ ಮುಂದೆ 28, ಹಿಂದೆ 34. ವೇಗ 6.4 ಕಿ.ಮೀ., ಶಕ್ತಿ ಸುಮಾರು 145 ವ್ಯಾಟ್.

ಮುಂದೆ 22 ಹಲ್ಲಿನ ಎಂ.ಟಿ.ಬಿ. ಕ್ರ್ಯಾಂಕ್ ಹಾಕಿದರೆ ವೇಗ 5 ಕಿ.ಮೀ., ಶಕ್ತಿ ಸುಮಾರು 115 ವ್ಯಾಟ್.

ಅಭ್ಯಾಸ ಇಲ್ಲದವರಿಗೆ ಗಂಟೆಗಟ್ಟಲೆ 200 ವ್ಯಾಟ್ ಕೊಡೋಕೆ ಆಗಲ್ಲ, 120ರಿಂದ 150 ಅಂದ್ರೆ ಕಷ್ಟಪಟ್ಟು ಸಾಧ್ಯ. ಅಂದ್ರೆ ಸಾಮಾನು ಹೊತ್ತ ರೋಡ್ ಸೈಕಲ್‌ನಲ್ಲಿ ಘಾಟ್ ಹತ್ತೋಕೆ ಹೋದರೆ ಇಳಿದು ತಳ್ಳಬೇಕಾಗುತ್ತೆ. ಸಾಧಾರಣ ಹೈಬ್ರಿಡ್‌ನಲ್ಲಿ ಉಸಿರು ಹಿಡಿದು ಹತ್ತಬಹುದು, ಒಂದು ಕ್ರ್ಯಾಂಕ್ ಬದಲಿಸಿದರೆ ಸುತ್ತ ನೋಡ್ತಾ ಹತ್ತಬಹುದು. ಅಂಗಡಿಗೆ ಹೋದಾಗ ‘ಎಷ್ಟು ಗೇರ್ ಇದೆ’ ಅಂತ ಕೇಳಬೇಡಿ. ಮುಂದಿನ ಸಣ್ಣ ಚಕ್ರದ ಹಲ್ಲು ಎಷ್ಟು, ಹಿಂದಿನ ದೊಡ್ಡದರ ಹಲ್ಲು ಎಷ್ಟು ಅಂತ ಕೂತು ಎಣಿಸಿ. ಮೊದಲನೆಯದು ಎರಡನೆಯದಕ್ಕಿಂತ ಚಿಕ್ಕದಿದ್ದರೆ ಅರ್ಧ ಪಾಸ್.

ಹೈಬ್ರಿಡ್‌ನ ನಿಜವಾದ ದುರ್ಬಲ ಜಾಗ ಹಿಂದಿನ ಚಕ್ರ. ನಿಮ್ಮ ತೂಕದ ದೊಡ್ಡ ಪಾಲು, ಸಾಮಾನಿನ ತೂಕ ಎಲ್ಲಾ ಅದರ ಮೇಲೇ. ಯಂತ್ರದಲ್ಲಿ ಬಿಗಿದ ಕಡ್ಡಿಗಳ ಬಿಗಿತ ಒಂದೇ ಸಮ ಇರೋದು ಕಡಿಮೆ. ಚಕ್ರ ಸುತ್ತಿದಂತೆಲ್ಲ ಪ್ರತಿ ಕಡ್ಡಿಯ ಬಿಗಿತ ಇಳಿದು ಏರುತ್ತೆ. ಸಡಿಲ ಕಡ್ಡಿಗಳಲ್ಲಿ ಈ ಆಟ ಜಾಸ್ತಿಯಾಗಿ ಬಾಗಿದ ಕುತ್ತಿಗೆಯ ಹತ್ತಿರ ದಣಿದು ಮುರಿಯುತ್ತೆ. ಎಸ್.ಓ.ಎಂ. ಕ್ಲಾಸಲ್ಲಿ ಫೆಟೀಗ್ ಅಂತ ಬರೆದುಕೊಂಡಿದ್ದು ಇದನ್ನೇ. ಪರಿಹಾರಕ್ಕೆ ಹೊಸ ಸೈಕಲ್ ಬೇಕಿಲ್ಲ. ಕೈಪಳಗಿದ ಮೆಕ್ಯಾನಿಕ್ ಹತ್ತಿರ ಎಲ್ಲಾ ಕಡ್ಡಿಗಳನ್ನು ಒಂದೇ ಹದಕ್ಕೆ ಬಿಗಿಸಿ ಬೆಂಡ್ ತೆಗೆಸಿ. ನೀವು ಭಾರೀ ಆಸಾಮಿ ಆಗಿದ್ದರೆ 36 ಕಡ್ಡಿಯ ಹಿಂದಿನ ಚಕ್ರ ಕಟ್ಟಿಸಿ.

ಹೊಲಿಸಿದ ಫ್ರೇಮ್: ಏನು ಸಿಗುತ್ತೆ, ಏನು ಸಿಗಲ್ಲ

ಕೈಯಲ್ಲಿ ಫ್ರೇಮ್ ಕಟ್ಟೋದು ಹಳೇ ವಿದ್ಯೆ. ಇಂಗ್ಲೆಂಡಿನ ಡರ್ಬಿಯಲ್ಲಿ ಮರ್ಸಿಯನ್ ಅನ್ನೋ ಕಂಪನಿ 1946ರಲ್ಲಿ ಶುರುವಾಯಿತು. ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ 1935ರಲ್ಲಿ ತಂದ 531 ಹೆಸರಿನ ಸ್ಟೀಲ್ ಕೊಳವೆಗಳು ದಶಕಗಳ ಕಾಲ ಒಳ್ಳೇ ಸೈಕಲ್‌ಗೆ ಇನ್ನೊಂದು ಹೆಸರೇ ಆಗಿದ್ದವು. ಈಗ ಭಾರತದಲ್ಲೂ ಸಣ್ಣ ಪ್ರಮಾಣದಲ್ಲಿ ಫ್ರೇಮ್ ಕಟ್ಟೋರಿದ್ದಾರೆ. ಬೆಂಗಳೂರಲ್ಲಿ ಬಿದಿರಿನ ಸೈಕಲ್ ಮಾಡಿದವರೂ ಇದ್ದಾರೆ.

ಹೊಲಿಸಿದ ಫ್ರೇಮ್‌ನಿಂದ ಸಿಗೋದು ನಿಖರ ಅಳತೆ, ಬೇಕಾದ ಕಡೆ ಕ್ಯಾರಿಯರ್ ತೂತು, ಬೇಕಾದ ಟಯರ್ ಜಾಗ, ಇಷ್ಟದ ಬಣ್ಣ. ಜೊತೆಗೆ ನಿಮ್ಮ ಹೆಸರಿಗೆ ಹುಟ್ಟಿದ ವಸ್ತು ಅನ್ನೋ ಖುಷಿ. ಅದನ್ನೂ ಕಡೆಗಣಿಸೋ ಹಾಗಿಲ್ಲ.

ಆದರೆ ಸ್ಟೀಲ್ ಬಗ್ಗೆ ಎರಡು ಮಾತು ಜಾಸ್ತಿಯೇ ಓಡಾಡ್ತಿವೆ. ‘ಸ್ಟೀಲ್ ಅಂದ್ರೆ ಮೆತ್ತಗೆ ಓಡುತ್ತೆ’ ಅನ್ನೋದು ಮೊದಲನೆಯದು. ಸ್ಟೀಲ್‌ನ ಯಂಗ್ಸ್ ಮಾಡ್ಯುಲಸ್ ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯುಮಿನಿಯಂದು ಸುಮಾರು 70. ಸಾಂದ್ರತೆ 7.85 ಮತ್ತು 2.7. ಭಾಗಿಸಿ ನೋಡಿ, ಎರಡರ ಅನುಪಾತವೂ ಹೆಚ್ಚುಕಮ್ಮಿ ಒಂದೇ. ಕೊಳವೆಯ ವ್ಯಾಸ, ಗೋಡೆಯ ದಪ್ಪ ಹೇಗಿದೆ ಅನ್ನೋದರ ಮೇಲೆ ಗಡಸುತನ ನಿಂತಿದೆ. ಮೈಗೆ ತಟ್ಟೋ ಕುಲುಕಾಟದಲ್ಲಿ ಫ್ರೇಮ್‌ಗಿಂತ ಟಯರಿನ ದಪ್ಪ ಮತ್ತು ಗಾಳಿಯ ಒತ್ತಡದ ಪಾತ್ರ ದೊಡ್ಡದು. 28ರ ಟಯರ್ ತೆಗೆದು 38 ಹಾಕಿದರೆ ಆಗೋ ವ್ಯತ್ಯಾಸ ಫ್ರೇಮ್ ಬದಲಿಸಿದರೂ ಆಗಲ್ಲ.

‘ಸ್ಟೀಲ್ ಮುರಿದರೆ ಯಾವ ಹಳ್ಳಿಯಲ್ಲಾದರೂ ವೆಲ್ಡಿಂಗ್ ಮಾಡಿಸಬಹುದು’ ಅನ್ನೋದು ಎರಡನೆಯದು. ಒಳ್ಳೇ ಕ್ರೋಮೋಲಿ ಕೊಳವೆಯ ಗೋಡೆ ಮಧ್ಯದಲ್ಲಿ ಒಂದು ಮಿ.ಮೀ.ಗಿಂತಲೂ ತೆಳು. ಗೇಟು, ಕಿಟಕಿ ಬೆಸೆಯೋ ಆರ್ಕ್ ವೆಲ್ಡಿಂಗ್ ಅದಕ್ಕೆ ತಗುಲಿದರೆ ತೂತೇ ಬೀಳಬಹುದು. ಮುರಿದ ಕ್ಯಾರಿಯರ್ ಸ್ಟೀಲಿನದಾಗಿದ್ದರೆ ಖಂಡಿತ ಹಳ್ಳಿಯಲ್ಲೇ ಬೆಸೆಸಬಹುದು. ಹಾಗಾಗಿ ಸ್ಟೀಲ್‌ಗೆ ದುಡ್ಡು ಹಾಕೋದೇ ಆದರೆ ಮೊದಲು ಕ್ಯಾರಿಯರ್‌ಗೆ ಹಾಕಿ. ಸ್ಟೀಲ್‌ಗೆ ಒಂದು ನಿಜವಾದ ಗುಣ ಇದೆ: ನಿರ್ದಿಷ್ಟ ಮಿತಿಗಿಂತ ಕಮ್ಮಿ ಒತ್ತಡದಲ್ಲಿ ಎಷ್ಟು ಸಲ ಬಾಗಿದರೂ ದಣಿಯಲ್ಲ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಅದಕ್ಕೇ ತಯಾರಕರು ಅಲ್ಯುಮಿನಿಯಂ ಕೊಳವೆಗಳನ್ನು ದಪ್ಪವಾಗಿ ಮಾಡಿ ಬಾಗೋದನ್ನೇ ತಡೀತಾರೆ.

ಈಗ ಮುಖ್ಯ ಮಾತಿಗೆ ಬರೋಣ. ಹೈಸ್ಕೂಲು ಹುಡುಗನಿಗೆ ಯಾವ ಅಮ್ಮನೂ ಅಳತೆಗೆ ಸರಿಯಾಗಿ ಪ್ಯಾಂಟ್ ಹೊಲಿಸಲ್ಲ. ಒಂದಿಂಚು ಮಡಿಕೆ ಬಿಡಿಸ್ತಾರೆ, ಬೆಳೀತಾನೆ ಅಂತ ಗೊತ್ತು. ಹೊಸ ಸೈಕಲಿಗರೂ ಹಾಗೇ ಬೆಳೆಯೋರು. ಮೊದಮೊದಲು ಬೆನ್ನು ಬಗ್ಗಲ್ಲ, ಹ್ಯಾಂಡಲ್ ಎತ್ತರಕ್ಕೆ ಬೇಕು. ಒಂದೆರಡು ಸಾವಿರ ಕಿ.ಮೀ. ಓಡಿಸಿದ ಮೇಲೆ ಸೊಂಟ ಸಡಿಲವಾಗುತ್ತೆ, ಬೆನ್ನಿನ ಸ್ನಾಯುಗಳು ಗಟ್ಟಿಯಾಗುತ್ತವೆ, ಅದೇ ಹ್ಯಾಂಡಲ್ ಹತ್ತಿರ ಅನಿಸೋಕೆ ಶುರುವಾಗುತ್ತೆ. ಫ್ರೇಮ್ ಕಟ್ಟೋರು ನಿಮ್ಮ ಕಾಲು, ಮುಂಡ, ತೋಳು ಅಳೀತಾರೆ ನಿಜ. ಅದರ ಜೊತೆ ಕೇಳ್ತಾರೆ: ದಿನಕ್ಕೆ ಎಷ್ಟು ದೂರ? ಟೆಂಟ್ ಹೊರ್ತೀರಾ, ಲಾಡ್ಜಲ್ಲಿ ಉಳೀತೀರಾ? ಡಾಂಬರೋ, ಮಣ್ಣೋ? ಈಗಿನ ಸೈಕಲ್‌ನಲ್ಲಿ ಎಲ್ಲಿ ನೋವು? ಹೊಸಬರ ಹತ್ತಿರ ಈ ಯಾವ ಪ್ರಶ್ನೆಗೂ ಅನುಭವದ ಉತ್ತರ ಇರಲ್ಲ. ಊಹೆಯ ಉತ್ತರಕ್ಕೆ ಅಳತೆ ಮಾಡಿ ಮಾಡಿದ ಫ್ರೇಮ್ ಇವತ್ತಿನ ನಿಮಗೆ ಸರಿಹೋಗುತ್ತೆ, ಮುಂದಿನ ವರ್ಷದ ನಿಮಗೆ ಹೋಗದೇ ಇರಬಹುದು. ಮಾರೋಕೆ ಹೋದರೂ ಅದೇ ತೊಂದರೆ, ನಿಮ್ಮ ಅಳತೆಯವರೇ ಸಿಗಬೇಕು.

ಇದಕ್ಕೆ ಅಪವಾದ ಇದೆ, ಮುಖ್ಯವಾದದ್ದೇ. ಅಂಗಡಿ ಸೈಕಲ್‌ಗಳು ಮಧ್ಯಮ ಎತ್ತರದ ಗಂಡಸರ ಲೆಕ್ಕದಲ್ಲೇ ಹೆಚ್ಚು ಬರುತ್ತವೆ. ಐದಡಿ ಆಸುಪಾಸಿನ ಹುಡುಗಿಯರಿಗೆ, ಆರೂಕಾಲಡಿ ಮೇಲಿನವರಿಗೆ ಸರಿಯಾದ ಸೈಜೇ ಸಿಗದೇ ಹೋಗಬಹುದು. ಚಿಕ್ಕ ಫ್ರೇಮ್‌ಗೆ ದೊಡ್ಡ 700ಸಿ ಚಕ್ರ ಹಾಕಿದಾಗ ತಿರುವಿನಲ್ಲಿ ಕಾಲಿನ ತುದಿ ಮುಂದಿನ ಟಯರಿಗೆ ತಗುಲುತ್ತೆ. ಅಂಥವರು ಮೊದಲು 26 ಇಂಚಿನ ಚಕ್ರದ ಚಿಕ್ಕ ಫ್ರೇಮ್ ಹುಡುಕಿ. ಅದೂ ಹೊಂದದಿದ್ದರೆ, ಒಂದು ಕೈ ಅಥವಾ ಕಾಲಿನ ಉದ್ದದಲ್ಲಿ ವ್ಯತ್ಯಾಸ ಇದ್ದರೆ, ಹೊಲಿಸಿದ ಫ್ರೇಮ್ ಶೋಕಿ ಅಲ್ಲ, ಅಗತ್ಯ.

ಬಿಡಿಭಾಗ ಜೋಡಿಸೋದು: ಇಂಜಿನಿಯರ್‌ಗಳ ಬಲೆ

ನಮ್ಮಂಥವರಿಗೆ ಜಾಸ್ತಿ ಆಕರ್ಷಣೆ ಇದರದ್ದೇ. ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಆದರೆ ದುಡ್ಡು ಉಳಿಯುತ್ತೆ ಅಂದುಕೊಂಡು ಇಳಿಯಬೇಡಿ. ಕಂಪನಿ ಸಾವಿರಗಟ್ಟಲೆ ಕೊಳ್ಳೋ ಭಾಗವನ್ನು ನೀವು ಒಂದೇ ಒಂದು ಕೊಳ್ತೀರಿ, ಬೆಲೆ ಬೇರೆಯೇ. ಜೊತೆಗೆ ಹೊಂದಾಣಿಕೆಯ ಸಮಸ್ಯೆ:

ಹಿಂದಿನ ಹಬ್ ಅಗಲ ರೋಡ್ ಸೈಕಲ್‌ನಲ್ಲಿ 130 ಮಿ.ಮೀ., ಎಂ.ಟಿ.ಬಿ. ಮತ್ತು ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ 135.

ಬಗ್ಗಿದ ಹ್ಯಾಂಡಲ್‌ನ ಬ್ರೇಕ್ ಲಿವರ್ ಕಮ್ಮಿ ಕೇಬಲ್ ಎಳೆಯುತ್ತೆ, ವಿ-ಬ್ರೇಕ್‌ಗೆ ಜಾಸ್ತಿ ಬೇಕು. ಎರಡನ್ನೂ ಜೋಡಿಸಿದರೆ ಲಿವರ್ ಹ್ಯಾಂಡಲ್ ಮುಟ್ಟಿದರೂ ಬ್ರೇಕ್ ಸರಿಯಾಗಿ ಹಿಡಿಯಲ್ಲ.

ಹಿಂದಿನ ಡಿರೇಲರ್ ಎಷ್ಟು ಸಡಿಲ ಚೈನ್ ಸುತ್ತಿಕೊಳ್ಳಬಲ್ಲದು ಅನ್ನೋದಕ್ಕೆ ಲೆಕ್ಕ ಇದೆ. ಮುಂದಿನ ದೊಡ್ಡ ಮತ್ತು ಸಣ್ಣ ಹಲ್ಲಿನ ವ್ಯತ್ಯಾಸ, ಹಿಂದಿನದರ ವ್ಯತ್ಯಾಸ, ಎರಡನ್ನೂ ಕೂಡಿ. ಮುಂದೆ 48-28, ಹಿಂದೆ 11-34 ಆದರೆ 20 ಮತ್ತು 23, ಒಟ್ಟು 43. ಉದ್ದ ಪಂಜರದ ಡಿರೇಲರ್ ಬೇಕೇ ಬೇಕು.

ಇನ್ನೊಂದು ಪರೀಕ್ಷೆ: ಈ ಭಾಗ ಸಕಲೇಶಪುರದಲ್ಲೋ ಕೊಪ್ಪದಲ್ಲೋ ಕೆಟ್ಟರೆ ಬದಲಿ ಸಿಗುತ್ತಾ? 7 ಅಥವಾ 8 ಸ್ಪೀಡ್ ಚೈನು, 26 ಇಂಚಿನ ಟ್ಯೂಬು, ಸಾಧಾರಣ ಬ್ರೇಕ್ ಕೇಬಲ್ ಸಿಗೋ ಸಾಧ್ಯತೆ ಜಾಸ್ತಿ. 700ಸಿ ಟ್ಯೂಬ್ ಸಿಗದಿದ್ದರೆ 29 ಇಂಚಿನದು ಕೇಳಿ, ಎರಡರ ರಿಮ್ ವ್ಯಾಸವೂ 622 ಮಿ.ಮೀ. ವಾಲ್ವ್ ದಪ್ಪನೆಯ ಶ್ರೇಡರ್ ಆಗಿದ್ದರೆ ಪೆಟ್ರೋಲ್ ಬಂಕಲ್ಲೇ ಗಾಳಿ ಹೊಡೆಸಬಹುದು. ದುಬಾರಿ ಭಾಗಕ್ಕಿಂತ ಸಿಗೋ ಭಾಗ ಮೇಲು.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ನಿಮ್ಮ ಹತ್ತಿರ 40 ಸಾವಿರ ಇದೆ ಅಂದುಕೊಳ್ಳೋಣ. ಅದರಲ್ಲಿ ಹೊಲಿಸಿದ ಫ್ರೇಮ್ ಹಿಂದೆ ಬಿದ್ದರೆ ಫ್ರೇಮ್ ಬರೋವಷ್ಟರಲ್ಲೇ ಗಂಟು ಕರಗುತ್ತೆ. ಅದೇ ದುಡ್ಡಿನಲ್ಲಿ 26ರಿಂದ 28 ಸಾವಿರ ಸೈಕಲ್‌ಗೆ ಇಟ್ಟು, ಉಳಿದದ್ದನ್ನು ಹಂಚಿ. ಗಟ್ಟಿ ಕ್ಯಾರಿಯರ್ ಮತ್ತು ಬ್ಯಾಗು, ಹೆಲ್ಮೆಟ್ಟು ಮತ್ತು ಲೈಟು, ಒಳ್ಳೇ ಟಯರು, ಪಂಪು ಮತ್ತು ಪಂಕ್ಚರ್ ಕಿಟ್, ಬೇಕಾದ ಸೀಟು, ಕೊನೆಗೆ ಒಂದಿಷ್ಟು ಊಟ ಮತ್ತು ರೂಮ್ ಖರ್ಚಿಗೆ. ಟೂರ್‌ಗೆ ಹೋಗೋಕೇ ದುಡ್ಡು ಉಳಿಸದ ಟೂರಿಂಗ್ ಸೈಕಲ್‌ನಿಂದ ಏನು ಪ್ರಯೋಜನ ಹೇಳಿ?

ಸೆಕೆಂಡ್ ಹ್ಯಾಂಡ್ ಕೂಡ ನೋಡಿ. ನಮ್ಮೂರಲ್ಲಿ ಉತ್ಸಾಹದಲ್ಲಿ ಕೊಂಡು, ಆಮೇಲೆ ಬಾಲ್ಕನಿಯಲ್ಲಿ ಟವೆಲ್ ಒಣಗಿಸೋಕೆ ಬಳಸೋ ಸೈಕಲ್‌ಗಳಿಗೆ ಬರ ಇಲ್ಲ. ನೋಡೋಕೆ ಹೋದಾಗ ಸ್ಕೇಲ್ ಒಯ್ಯಿರಿ. ಚೈನಿನ 24 ಕೊಂಡಿಗಳ ಉದ್ದ ಹೊಸದರಲ್ಲಿ 12 ಇಂಚು, ಅಂದ್ರೆ 304.8 ಮಿ.ಮೀ. ಅದು 307 ಆಗಿದ್ದರೆ ಚೈನು ಸವೆದಿದೆ, ಹಿಂದಿನ ಹಲ್ಲುಗಳೂ ಸವೆದಿರೋ ಸಾಧ್ಯತೆ ಇದೆ, ಬೆಲೆ ಇಳಿಸಿ ಕೇಳಿ. ಫ್ರೇಮ್‌ನ ಬೆಸುಗೆಗಳ ಹತ್ತಿರ ಬಣ್ಣ ಬಿರುಕು ಬಿಟ್ಟಿದ್ದರೆ ಕೊಳ್ಳಲೇಬೇಡಿ.

ಕೊಂಡ ಮೇಲೆ ಅಳತೆ ಹೊಂದಿಸೋದು ಮರೆಯಬೇಡಿ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತೆ. ಅಲ್ಲಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಬದಲಿಸಿ. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತೆ, ಎತ್ತರ ಜಾಸ್ತಿಯಾದರೆ ಹಿಂಭಾಗ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಜಾಸ್ತಿ ಬಿದ್ದು ನರ ಒತ್ತುತ್ತಿದೆ ಅಂತ ಅರ್ಥ. ‘ಅಭ್ಯಾಸ ಆಗುತ್ತೆ ಬಿಡು’ ಅಂತ ಸುಮ್ಮನಿರಬೇಡಿ. ಉದ್ದ ಬೇರೆ ಇರೋ ಒಂದು ಸ್ಟೆಮ್‌ನಲ್ಲಿ ಸರಿಹೋಗೋ ತೊಂದರೆಯನ್ನು ಹಾಗೇ ಬಿಟ್ಟರೆ ವಾರಗಟ್ಟಲೆ ಕಾಡುತ್ತೆ.

ಬ್ರೇಕ್‌ನಲ್ಲಿ ಮಾತ್ರ ಜಿಪುಣತನ ಬೇಡ. 95 ಕೆ.ಜಿ. ಹೊತ್ತು 400 ಮೀಟರ್ ಎತ್ತರದಿಂದ ಇಳಿದರೆ ಸುಮಾರು 370 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತೆ. ಗಾಳಿ ಒಂದಿಷ್ಟು ತಿಂದರೂ ಉಳಿದದ್ದು ಬ್ರೇಕಲ್ಲಿ ಶಾಖವಾಗಬೇಕು. ಹಿಡಿದೇ ಇಳಿಯಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಸವೆದ ರಬ್ಬರ್ ಜೊತೆ ಘಾಟ್ ಇಳಿಯೋಕೆ ಹೋಗಲೇಬೇಡಿ.

ತ್ಯಾಗರಾಜನಗರದಿಂದ ಮೂರು ಪರೀಕ್ಷೆ

ಜಯನಗರ, ಬಸವನಗುಡಿ ಕಡೆ ಸೈಕಲ್ ಹುಚ್ಚು ಹೊಸದಲ್ಲ. ಬೆಂಗಳೂರಿನ ಸೈಕಲಿಗರು ಸೇರಿ 2008ರಲ್ಲೇ ಟೂರ್ ಆಫ್ ನೀಲಗಿರೀಸ್ ಶುರು ಮಾಡಿದ್ದರು. ನೀವು ಅಲ್ಲಿಗೆ ಮುಟ್ಟೋ ಮುಂಚೆ ಈ ಮೂರು ಮಾಡಿ ನೋಡಿ.

ಮೊದಲನೆಯದು, ಖಾಲಿ ಸೈಕಲ್‌ನಲ್ಲಿ ಬೆಳಗ್ಗೆ ಐದಕ್ಕೆ ಹೊರಟು ಬನಶಂಕರಿ ದಾಟಿ ಕನಕಪುರ. ಹೋಗಿ ಬಂದರೆ ಸುಮಾರು 100 ಕಿ.ಮೀ. ಎಲ್ಲಿ ನೋಯಿತು ಅಂತ ಮನೆಗೆ ಬಂದ ತಕ್ಷಣ ಬರೆದಿಡಿ.

ಎರಡನೆಯದು, ಸಾಮಾನು ಕಟ್ಟಿಕೊಂಡು ಸಂಗಮ. ಕೊನೆಯ ಇಳಿಜಾರು ಇಳಿಯುವಾಗ ಬ್ರೇಕ್ ಪರೀಕ್ಷೆ, ವಾಪಸ್ ಹತ್ತುವಾಗ ಗೇರ್ ಪರೀಕ್ಷೆ. ಒಂದೇ ದಿನಕ್ಕೆ ಜಾಸ್ತಿ ಅನಿಸಿದರೆ ರಾತ್ರಿ ಕನಕಪುರದಲ್ಲಿ ಉಳಿಯಿರಿ.

ಮೂರನೆಯದು, ಎರಡು ದಿನದ ಮೈಸೂರು. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್‌ಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆ ಅಥವಾ ಒಳದಾರಿ ಹಿಡಿಯಿರಿ.

ದೂರದ ಗುರಿ ಬೇಕು ಅನ್ನೋರಿಗೆ ಬ್ರೆವೆ ಇದೆ. 200 ಕಿ.ಮೀ. ಅನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, ನಿಂತು ಇಡ್ಲಿ ತಿಂದ ಸಮಯವೂ ಸೇರಿ ಸರಾಸರಿ 15 ಕಿ.ಮೀ. ವೇಗ. ಒಳ್ಳೇ ಹೈಬ್ರಿಡ್‌ನಲ್ಲಿ ಇದು ಆಗದ ಮಾತಲ್ಲ.

ಹಾಗಾದ್ರೆ ಯಾವುದು?

ಮೊದಲ ಸೈಕಲ್ ಅಂಗಡಿಯದ್ದೇ ಇರಲಿ, ಹೊಸದೋ ಹಳೆಯದೋ. ಆರಿಸುವಾಗ ಸೈಜು, ಸಣ್ಣ ಗೇರು, ದಪ್ಪ ಟಯರ್ ಜಾಗ, ಕ್ಯಾರಿಯರ್ ಹಾಕೋ ತೂತು, ಈ ನಾಲ್ಕನ್ನು ಬಿಟ್ಟುಕೊಡಬೇಡಿ. ಆಮೇಲೆ ನೋವು ಎಲ್ಲಿ ಹೇಳುತ್ತೋ ಆ ಭಾಗವನ್ನು ಮಾತ್ರ ಬದಲಿಸ್ತಾ ಹೋಗಿ. ಸ್ಟೆಮ್, ಸೀಟು, ಟಯರ್, ಕ್ರ್ಯಾಂಕ್, ಹಿಂದಿನ ಚಕ್ರ. ಇಷ್ಟು ಬದಲಿಸೋವಷ್ಟರಲ್ಲಿ ನಿಮಗೆ ಗೊತ್ತಿಲ್ಲದೇ ಅರ್ಧ ಕಸ್ಟಮ್ ಸೈಕಲ್ ತಯಾರಾಗಿರುತ್ತೆ, ಅದೂ ಊಹೆಯಿಂದಲ್ಲ, ರಸ್ತೆ ಹೇಳಿಕೊಟ್ಟ ಹಾಗೆ.

ಎರಡು ವರ್ಷ ಕಳೆದು, ಎಲ್ಲಾ ಬದಲಿಸಿದರೂ ‘ಈ ಫ್ರೇಮ್ ಎರಡು ಸೆಂಟಿಮೀಟರ್ ಗಿಡ್ಡ’ ಅಂತ ಖಚಿತವಾಗಿ ಹೇಳೋಕೆ ಬಂದ ದಿನ ಹೊಲಿಸಿದ ಫ್ರೇಮ್ ಬಗ್ಗೆ ಯೋಚಿಸಿ. ಆಗ ನಿಮ್ಮ ನೋಟ್‌ಬುಕ್ ಹಿಡಿದು ಹೋದರೆ ಕಟ್ಟೋರಿಗೂ ಖುಷಿ, ನಿಮಗೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅಲ್ಲಿಯವರೆಗೆ ಇಂಟರ್ನಲ್ಸ್ ಮುಗಿದ ಮರುದಿನ ಟಯರಿಗೆ ಗಾಳಿ ಹೊಡೆದು ಕನಕಪುರ ರಸ್ತೆ ಹಿಡಿಯಿರಿ. ಎರಡು ಬಾಟಲಿ ನೀರು ಮರೀಬೇಡಿ.